ಹಿತ್ತಾಳೆಗೆ ತಾಮ್ರ ಹೊದಿಸುವುದು: ವಿದ್ಯುಲ್ಲೇಪನದ ಪ್ರಾಯೋಗಿಕ ಮಾರ್ಗದರ್ಶಿ

ಬಚ್ಚಲುಮನೆಯ ನಲ್ಲಿಯ ಮೇಲೆ ಹೊಳೆಯುವ ಕ್ರೋಮಿಯಂ ಪದರದ ದಪ್ಪ ಸಾಮಾನ್ಯವಾಗಿ ಅರ್ಧ ಮೈಕ್ರಾನನ್ನೂ ಮೀರುವುದಿಲ್ಲ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಅದರ ಅಡಿಯಲ್ಲಿ ನಿಕಲ್ಲಿನ ಪದರವಿರುತ್ತದೆ, ಹಲವು ವೇಳೆ ಅದಕ್ಕೂ ಅಡಿಯಲ್ಲಿ ತಾಮ್ರವಿರುತ್ತದೆ, ಎಲ್ಲಕ್ಕಿಂತ ಕೆಳಗೆ ಎರಕದ ಹಿತ್ತಾಳೆ ಇರುತ್ತದೆ. ನಲ್ಲಿಯನ್ನು ತುಕ್ಕಿನಿಂದ ಕಾಯುವ ಕೆಲಸದ ಬಹುಪಾಲು ಕಣ್ಣಿಗೆ ಕಾಣದ ಆ ನಿಕಲ್ಲಿನದು. ಹೀಗೆ ಒಂದು ಲೋಹದ ಮೇಲೆ ಇನ್ನೊಂದನ್ನು ವಿದ್ಯುತ್ತಿನಿಂದ ಹೊದಿಸುವ ವಿಧಾನವನ್ನು ಶಾಲೆಯ ಪುಸ್ತಕಗಳು ವಿದ್ಯುಲ್ಲೇಪನವೆನ್ನುತ್ತವೆ, ಪೇಟೆಯಲ್ಲಿ ಅದು ಪ್ಲೇಟಿಂಗ್ ಅಥವಾ ಗಿಲೀಟು. ಇಲ್ಲಿ ಆ ವಿಧಾನದ ಅತ್ಯಂತ ಸುರಕ್ಷಿತವೂ ಹೇಳಿಕೊಡಲು ಸುಲಭವೂ ಆದ ರೂಪವನ್ನು, ಅಂದರೆ ಹಿತ್ತಾಳೆಯ ತಗಡಿನ ಮೇಲೆ ತಾಮ್ರವನ್ನು ಕೂರಿಸುವ ಕ್ರಮವನ್ನು, ಹವ್ಯಾಸಿಗಳಿಗೂ ಕಾಲೇಜು ಪ್ರಯೋಗಾಲಯಗಳಿಗೂ ಉಪಯೋಗವಾಗುವಂತೆ ವಿವರಿಸಲಾಗಿದೆ.

ಈ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ವಿದ್ಯುತ್ ಉಪಕರಣದ ಬಗ್ಗೆ ಹೆಚ್ಚು ಯೋಚಿಸಿ, ವಸ್ತುವಿನ ಮೈಯನ್ನು ತೊಳೆಯುವ ಬಗ್ಗೆ ಕಡಿಮೆ ಯೋಚಿಸುತ್ತಾರೆ. ಲೇಪನ ನಿಲ್ಲುತ್ತದೆಯೋ ಸುಲಿದು ಬೀಳುತ್ತದೆಯೋ ಎಂಬುದು ಬಹುಮಟ್ಟಿಗೆ ಸ್ವಿಚ್ ಹಾಕುವ ಮೊದಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಈ ಬರಹದಲ್ಲೂ ತೊಳೆಯುವ ಭಾಗಕ್ಕೇ ಹೆಚ್ಚು ಜಾಗ ಸಂದಿದೆ.

ಒಳಗೆ ನಡೆಯುವುದೇನು

ತಾಮ್ರದ ಸಲ್ಫೇಟ್ ನೀರಿನಲ್ಲಿ ಕರಗಿದಾಗ ತಾಮ್ರವು ಎರಡು ಧನ ಆವೇಶಗಳುಳ್ಳ ಅಯಾನಾಗಿ ಬಿಡಿಯಾಗುತ್ತದೆ. ಈ ದ್ರಾವಣದಲ್ಲಿ ಎರಡು ಲೋಹದ ತುಂಡುಗಳನ್ನು ಮುಳುಗಿಸಿ ನೇರ ವಿದ್ಯುತ್ತನ್ನು ಹಾಯಿಸಿದರೆ, ಋಣ ತುದಿಗೆ ಸೇರಿದ ತುಂಡಿನ ಮೇಲೆ ಅಯಾನುಗಳು ಎರಡೆರಡು ಎಲೆಕ್ಟ್ರಾನುಗಳನ್ನು ಪಡೆದು ಲೋಹವಾಗಿ ಕೂರುತ್ತವೆ. ಧನ ತುದಿಗೆ ಸೇರಿದ ತಾಮ್ರದ ತುಂಡು ಅಷ್ಟೇ ಪ್ರಮಾಣದಲ್ಲಿ ಕರಗಿ ದ್ರಾವಣವನ್ನು ಸೇರುತ್ತದೆ. ಲೇಪನ ಪಡೆಯಬೇಕಾದ ವಸ್ತು ಕ್ಯಾಥೋಡ್, ಕರಗುವ ತಾಮ್ರ ಆನೋಡ್. ಒಂದು ಕಡೆ ಇಳಿದಷ್ಟು ಇನ್ನೊಂದು ಕಡೆ ಏರುವುದರಿಂದ ದ್ರಾವಣದ ಶಕ್ತಿ ಬಹುಕಾಲ ಹಾಗೆಯೇ ಉಳಿಯುತ್ತದೆ.

ವೋಲ್ಟಾ 1800ರಲ್ಲಿ ತನ್ನ ವಿದ್ಯುತ್ ಕೋಶವನ್ನು ಪ್ರಕಟಿಸಿದ ಐದೇ ವರ್ಷಗಳಲ್ಲಿ ಇಟಲಿಯ ಬ್ರುಗ್ನಟೆಲ್ಲಿ ಅದನ್ನು ಬಳಸಿ ಬೆಳ್ಳಿಗೆ ಚಿನ್ನ ಹೊದಿಸಿದ. ಆದರೆ ನಮ್ಮ ಕೆಲಸಕ್ಕೆ ನಿಜವಾಗಿ ಬೇಕಾದದ್ದು 1830ರ ದಶಕದಲ್ಲಿ ಮೈಕಲ್ ಫ್ಯಾರಡೆ ಕೊಟ್ಟ ನಿಯಮ: ಕೂರುವ ಲೋಹದ ತೂಕವು ಹರಿದ ವಿದ್ಯುತ್ತಿನ ಮೊತ್ತಕ್ಕೆ ಅನುಪಾತದಲ್ಲಿರುತ್ತದೆ. ತಾಮ್ರದ ವಿಷಯದಲ್ಲಿ ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1.186 ಗ್ರಾಂ ಕೂರುತ್ತದೆ. ಈ ಒಂದು ಅಂಕಿಯಿಂದಲೇ ಮುಂದಿನ ಲೆಕ್ಕವೆಲ್ಲ ಬರುತ್ತದೆ.

ಯಾವ ವಸ್ತುವನ್ನು ಆರಿಸಬೇಕು

ಮೊದಲ ಪ್ರಯತ್ನಕ್ಕೆ ಚಪ್ಪಟೆಯಾದ ಹಿತ್ತಾಳೆ ತಗಡಿನ ತುಂಡೇ ಲೇಸು. ಇಲ್ಲಿ ಲೆಕ್ಕಕ್ಕಾಗಿ 5 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಬಿಲ್ಲೆಯೊಂದನ್ನು ಇಟ್ಟುಕೊಳ್ಳೋಣ. ಬೀಗದ ಕೈ, ಲೇತಿನಲ್ಲಿ ಕಡೆದ ಹಿಡಿ ಮುಂತಾದವು ಕೈಗೆ ಸುಲಭವಾಗಿ ಸಿಗುತ್ತವೆಯಾದರೂ ಅವುಗಳ ಹಿತ್ತಾಳೆಯಲ್ಲಿ, ಕಡೆಯಲು ಹಗುರವಾಗಲೆಂದು, ಸಾಮಾನ್ಯವಾಗಿ ಸ್ವಲ್ಪ ಸೀಸ ಬೆರೆಸಿರುತ್ತಾರೆ. ಸಲ್ಫ್ಯೂರಿಕ್ ಆಮ್ಲ ತಗುಲಿದೊಡನೆ ಆ ಸೀಸವು ಕರಗದ ಸಲ್ಫೇಟ್ ಪೊರೆಯಾಗಿ ಮೇಲೆ ನಿಲ್ಲುತ್ತದೆ, ಅದರ ಮೇಲೆ ಕೂತ ತಾಮ್ರ ಉದುರುತ್ತದೆ. ಉದ್ಯಮದವರು ಇದಕ್ಕೆ ಬೇರೆ ಆಮ್ಲವನ್ನು ಬಳಸುತ್ತಾರೆ. ಮನೆಯಲ್ಲಿ ಅದರ ಗೊಡವೆ ಬೇಡ.

ಅಡುಗೆ ಪಾತ್ರೆಗಳ ಒಳಮೈಗೆ ಈ ಲೇಪನವನ್ನು ಎಂದೂ ಮಾಡಬಾರದು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದು ಬೇರೆಯದೇ ಕೆಲಸ: ಅಲ್ಲಿ ಕಾದ ಪಾತ್ರೆಯ ಮೇಲೆ ತವರವನ್ನು ಕರಗಿಸಿ ನವಸಾಗರದ ಸಹಾಯದಿಂದ ಒರೆಸಿ ಹರಡುತ್ತಾರೆ, ವಿದ್ಯುತ್ತಿಗೆ ಅಲ್ಲಿ ಕೆಲಸವಿಲ್ಲ. ಹುಳಿ ತಗುಲುವ ಕಡೆ ತಾಮ್ರದ ಮೈ ಇರಬಾರದೆಂಬುದೇ ಕಲಾಯಿಯ ಉದ್ದೇಶವಾಗಿರುವಾಗ, ನಾವು ತಾಮ್ರವನ್ನೇ ಒಳಗೆ ಹೊದಿಸುವುದು ತಲೆಕೆಳಗಾದ ಕೆಲಸವಾಗುತ್ತದೆ.

ಸಾಮಗ್ರಿ ಮತ್ತು ದ್ರಾವಣ

ತಾಮ್ರದ ಸಲ್ಫೇಟ್ ಎಂದರೆ ನಮ್ಮ ಮಲೆನಾಡಿನ ಅಡಕೆ ಬೆಳೆಗಾರರಿಗೆ ಚಿರಪರಿಚಿತವಾದ ಮೈಲುತುತ್ತ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕಾಗಿ ಗೊಬ್ಬರದ ಅಂಗಡಿಗಳಲ್ಲಿ ಮಾರುವ ಇದೇ ನೀಲಿ ಹರಳು ನಮ್ಮ ಕೆಲಸಕ್ಕೂ ಸಾಕು. ಕಸ ಮತ್ತು ಸ್ವಲ್ಪ ಕಬ್ಬಿಣದ ಅಂಶ ಇರಬಹುದಾದ್ದರಿಂದ ಕರಗಿಸಿದ ಮೇಲೆ ಸೋಸಬೇಕು. ಪ್ರಯೋಗಾಲಯದ ದರ್ಜೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಸಲ್ಫ್ಯೂರಿಕ್ ಆಮ್ಲವನ್ನು ವಾಹನಗಳ ಬ್ಯಾಟರಿಗೆ ಹಾಕುವ, ಮೊದಲೇ ತೆಳುವಾಗಿಸಿದ ರೂಪದಲ್ಲೇ ಕೊಳ್ಳಬೇಕು. ಗಾಢ ಆಮ್ಲವನ್ನು ಮನೆಗೆ ತರುವ ಅಗತ್ಯವೇ ಇಲ್ಲ. ನೀರು ಬಟ್ಟಿ ಇಳಿಸಿದ್ದಾಗಿರಬೇಕು; ಬೋರ್‌ವೆಲ್ ನೀರಿನಲ್ಲಿರುವ ಸುಣ್ಣದ ಅಂಶ ಮತ್ತು ಕ್ಲೋರೈಡು ದ್ರಾವಣವನ್ನು ಕೆಡಿಸುತ್ತವೆ.

ಒಂದು ಲೀಟರ್ ದ್ರಾವಣಕ್ಕೆ ಹೀಗೆ ಮಾಡಬೇಕು. ಗಾಜಿನ ಅಥವಾ ದಪ್ಪ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ 700 ಮಿ.ಲೀ. ಬೆಚ್ಚಗಿನ ಬಟ್ಟಿ ನೀರನ್ನು ತೆಗೆದುಕೊಂಡು 200 ಗ್ರಾಂ ಮೈಲುತುತ್ತವನ್ನು ಪ್ಲಾಸ್ಟಿಕ್ ಅಥವಾ ಗಾಜಿನ ಕಡ್ಡಿಯಿಂದ ಕದಡುತ್ತ ಕರಗಿಸಿ, ಅದು ಪೂರ್ತಿ ತಣ್ಣಗಾದ ಮೇಲೆ ಸೋಸು ಕಾಗದ ಅಥವಾ ನಾಲ್ಕು ಮಡಿಕೆಯ ಶುಭ್ರ ಬಟ್ಟೆಯಲ್ಲಿ ಸೋಸಬೇಕು. ಬಳಿಕ ಸುಮಾರು 110 ಮಿ.ಲೀ. ಬ್ಯಾಟರಿ ಆಮ್ಲವನ್ನು ಸಣ್ಣ ಧಾರೆಯಾಗಿ, ಕದಡುತ್ತ ಸೇರಿಸಬೇಕು. ಆಮ್ಲವನ್ನೇ ನೀರಿಗೆ ಸುರಿಯಬೇಕು. ನೀರನ್ನು ಆಮ್ಲಕ್ಕೆ ಸುರಿದರೆ ಅದು ಕುದಿದು ಸಿಡಿಯುತ್ತದೆ. ಕೊನೆಗೆ ಬಟ್ಟಿ ನೀರಿನಿಂದ ಒಂದು ಲೀಟರಿಗೆ ತುಂಬಿಸಬೇಕು. ಆಮ್ಲದಿಂದ ದ್ರಾವಣದ ವಿದ್ಯುತ್ ವಾಹಕತೆ ಹೆಚ್ಚುತ್ತದೆ, ಲೇಪನವೂ ನವುರಾಗುತ್ತದೆ. ಈ ಹಂತದಿಂದ ಮುಂದೆ ಕಣ್ಣಿಗೆ ಕನ್ನಡಕ, ಕೈಗೆ ನೈಟ್ರೈಲ್ ಕೈಗವಸು ಇರಲೇಬೇಕು. ಪಕ್ಕದಲ್ಲಿ ಒಂದು ಬಕೆಟ್ ನೀರು ಮತ್ತು ಅಡುಗೆ ಸೋಡಾ ಇರಲಿ. ಈ ಕೆಲಸಕ್ಕೆ ಬಳಸಿದ ಪಾತ್ರೆ, ಚಮಚೆಗಳು ಮತ್ತೆ ಅಡುಗೆಮನೆಗೆ ಹೋಗಬಾರದು.

ವಿನೆಗರ್, ಉಪ್ಪು, ಹೈಡ್ರೋಜನ್ ಪೆರಾಕ್ಸೈಡುಗಳಿಂದ ದ್ರಾವಣ ಮಾಡುವ ಅಡ್ಡದಾರಿಗಳು ಚಾಲ್ತಿಯಲ್ಲಿವೆ. ವಿನೆಗರಿನಲ್ಲಿ ತಾಮ್ರ ಕೂರುವುದು ಸುಳ್ಳಲ್ಲ, ಆದರೆ ವಾಹಕತೆ ಕಡಿಮೆಯಾದ್ದರಿಂದ ಪದರ ತೆಳುವಾಗಿ, ಮಾಸಲಾಗಿ ಬರುತ್ತದೆ. ಉಪ್ಪಿನ ನೀರಿನಲ್ಲಿ ಆನೋಡಿನ ಬಳಿ ಕ್ಲೋರಿನ್ ಅನಿಲ ಹುಟ್ಟುವ ಅಪಾಯವೂ ಉಂಟು. ಇವನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಆನೋಡಿಗೆ ಮನೆಯ ವೈರಿಂಗಿನ ತಾಮ್ರದ ತಂತಿಯನ್ನು ಸುಲಿದು ಸುರುಳಿ ಮಾಡಿಕೊಳ್ಳಬಹುದು, ಅಥವಾ ತಾಮ್ರದ ತಗಡನ್ನು ಬಳಸಬಹುದು. ಅದರ ಮೈಯ ವಿಸ್ತೀರ್ಣ ಬಿಲ್ಲೆಯದಕ್ಕಿಂತ ಕಡಿಮೆಯಿರಬಾರದು. ಒಂದೇ ತಗಡಿನ ಬದಲು ಎರಡು ತಗಡುಗಳನ್ನು ಬಿಲ್ಲೆಯ ಎರಡು ಪಕ್ಕಗಳಲ್ಲಿ ತೂಗುಹಾಕಿದರೆ ಎರಡು ಮುಖಗಳಿಗೂ ಸಮನಾದ ಪದರ ಬರುತ್ತದೆ. ಕರಗುವಾಗ ಆನೋಡಿನಿಂದ ಕಪ್ಪು ಪುಡಿ ಉದುರುವುದರಿಂದ ಅದಕ್ಕೆ ಬಿಗಿ ನೇಯ್ಗೆಯ ಸಿಂಥೆಟಿಕ್ ಬಟ್ಟೆಯ ಚೀಲ ತೊಡಿಸಬೇಕು. ಸ್ಟೇನ್‌ಲೆಸ್ ಸ್ಟೀಲಿನ ಚಮಚೆಯನ್ನು ಆನೋಡಾಗಿ ಬಳಸುವುದಂತೂ ಕೂಡದು: ಅದರಲ್ಲಿರುವ ಕ್ರೋಮಿಯಂ ಕರಗಿ, ಕ್ಯಾನ್ಸರ್‌ಕಾರಕವಾದ ಷಡ್ವೇಲೆನ್ಸೀಯ ರೂಪ ತಾಳಬಹುದು.

ತೊಳೆಯುವ ಕೆಲಸ

ಮೊದಲು ಬಿಲ್ಲೆಯ ಮೇಲೆ ಪಾರದರ್ಶಕ ಲ್ಯಾಕರ್ ಇದೆಯೇ ಎಂದು ನೋಡಬೇಕು. ಅಂಗಡಿಯ ಹಿತ್ತಾಳೆ ಅಲಂಕಾರ ವಸ್ತುಗಳಿಗೆ ಹೊಳಪು ಮಾಸದಿರಲೆಂದು ಇದನ್ನು ಬಳಿದಿರುತ್ತಾರೆ. ಇದು ವಿದ್ಯುತ್ತನ್ನು ತಡೆಯುತ್ತದೆ. ಅಸಿಟೋನ್ ಅಥವಾ ಥಿನ್ನರಿನಿಂದ, ಬೆಂಕಿ ಇಲ್ಲದ ಕಡೆ, ಇದನ್ನು ತೆಗೆಯಬೇಕು. ಆಮೇಲೆ 400, 800, 1200 ಸಂಖ್ಯೆಯ ನೀರು ಕಾಗದಗಳಿಂದ ಕ್ರಮವಾಗಿ ಉಜ್ಜಬೇಕು. ಲೇಪನವು ಗೀರುಗಳನ್ನು ಮುಚ್ಚುತ್ತದೆಂದು ನಂಬಿದವರಿಗೆ ನಿರಾಸೆ ಕಾದಿರುತ್ತದೆ. ಹತ್ತು ಮೈಕ್ರಾನಿನ ಪದರ ಅಡಿಯಲ್ಲಿರುವ ಪ್ರತಿ ಗೀರನ್ನೂ ಹಾಗೆಯೇ ಮೇಲಕ್ಕೆ ತೋರಿಸುತ್ತದೆ.

ಮುಂದಿನದು ಜಿಡ್ಡು. ಒಂದು ಲೀಟರ್ ಬಿಸಿ ನೀರಿಗೆ ಸುಮಾರು 50 ಗ್ರಾಂ ವಾಷಿಂಗ್ ಸೋಡಾ ಮತ್ತು ಕೆಲವು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ, ಅದರಲ್ಲಿ ಬಿಲ್ಲೆಯನ್ನು ಹತ್ತು ನಿಮಿಷ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಂಚು ಮೂಲೆಗಳನ್ನೂ ಬಿಡದೆ ಉಜ್ಜಿ, ಧಾರಾಳ ನೀರಿನಲ್ಲಿ ತೊಳೆಯಬೇಕು. ತೂಗುಹಾಕುವ ತಾಮ್ರದ ತಂತಿಯನ್ನು ಈ ಮೊದಲೇ ಬಿಗಿಯಾಗಿ ಕಟ್ಟಿರಬೇಕು, ಏಕೆಂದರೆ ಇಲ್ಲಿಂದ ಮುಂದೆ ಬಿಲ್ಲೆಯನ್ನು ಬರಿಗೈಯಿಂದ ಮುಟ್ಟುವಂತಿಲ್ಲ. ಒಂದು ಬೆರಳಚ್ಚಿನ ಎಣ್ಣೆಯೂ ಅಷ್ಟು ಜಾಗದಲ್ಲಿ ಲೇಪನವನ್ನು ಸಡಿಲವಾಗಿಸುತ್ತದೆ.

ಜಿಡ್ಡು ಹೋಯಿತೆಂದು ತಿಳಿಯುವ ಬಗೆ ಸರಳವಾಗಿದೆ, ಯಾವ ಉಪಕರಣವೂ ಬೇಡ. ಬಿಲ್ಲೆಯನ್ನು ಶುದ್ಧ ನೀರಿನಲ್ಲಿ ಅದ್ದಿ ಎತ್ತಿ ಓರೆಯಾಗಿ ಹಿಡಿದಾಗ ನೀರು ಇಡೀ ಮೈಗೆ ಒಂದೇ ತೆಳು ಹಾಳೆಯಾಗಿ ಅರ್ಧ ನಿಮಿಷ ನಿಲ್ಲಬೇಕು. ಎಲ್ಲಿಯಾದರೂ ಅದು ಒಡೆದು ಹನಿಗಳಾಗಿ ಹಿಂದೆ ಸರಿದರೆ ಅಲ್ಲಿ ಜಿಡ್ಡು ಉಳಿದಿದೆಯೆಂದು ಅರ್ಥ. ಮತ್ತೆ ಸೋಡಾದಿಂದ ಆರಂಭಿಸಬೇಕು. ಸಾಬೂನಿನ ಅಂಶ ಉಳಿದಿದ್ದರೂ ನೀರು ಹಾಳೆಯಾಗಿ ನಿಂತು ಮೋಸಮಾಡುವುದುಂಟು, ಆದ್ದರಿಂದ ಪರೀಕ್ಷೆಗೆ ಮುಂಚೆ ಎರಡು ಮೂರು ಸಲ ನೀರು ಬದಲಿಸಿ ತೊಳೆಯುವುದು ಮುಖ್ಯ.

ಕೊನೆಯದು ಆಕ್ಸೈಡಿನ ಪೊರೆ. ಹಿತ್ತಾಳೆ ದೀಪವನ್ನು ಹುಣಸೆಹಣ್ಣಿನಿಂದ ಬೆಳಗುವಾಗ ಹುಳಿಯು ಕರಗಿಸುವುದು ಈ ಪೊರೆಯನ್ನೇ. ಆದರೆ ಹುಣಸೆಯ ತಿರುಳು ಮೈಗೆ ಅಂಟಿ ಉಳಿಯುವುದರಿಂದ ಇಲ್ಲಿ ಅದರ ಬದಲು ಒಂದು ಭಾಗ ಬ್ಯಾಟರಿ ಆಮ್ಲಕ್ಕೆ ಐದು ಭಾಗ ನೀರಿನ ಪ್ರಮಾಣದಲ್ಲಿ, ಆಮ್ಲವನ್ನು ನೀರಿಗೆ ಸೇರಿಸಿ ಮಾಡಿದ ತೆಳು ದ್ರಾವಣದಲ್ಲಿ ಬಿಲ್ಲೆಯನ್ನು ಅರ್ಧ ನಿಮಿಷ ಅದ್ದಬೇಕು. ತೆಗೆದು ಬಟ್ಟಿ ನೀರಿನಲ್ಲಿ ಜಾಲಿಸಿ, ಒಣಗಲು ಬಿಡದೆ, ಒದ್ದೆಯಾಗಿರುವಾಗಲೇ ಲೇಪನದ ತೊಟ್ಟಿಗೆ ಇಳಿಸಬೇಕು.

ಲೆಕ್ಕ

ವಿದ್ಯುತ್ತು ಎಷ್ಟಿರಬೇಕೆಂಬುದನ್ನು ವಸ್ತುವಿನ ಮೈಯ ವಿಸ್ತೀರ್ಣವೇ ನಿರ್ಧರಿಸುತ್ತದೆ. ಲೇಪನದವರು ಇದನ್ನು ಚದರ ಡೆಸಿಮೀಟರಿಗೆ ಇಷ್ಟು ಆಂಪಿಯರ್ ಎಂದು ಹೇಳುತ್ತಾರೆ. ಒಂದು ಚದರ ಡೆಸಿಮೀಟರ್ ಎಂದರೆ 100 ಚದರ ಸೆಂ.ಮೀ. ನಮ್ಮ ಬಿಲ್ಲೆಯ ಎರಡು ಮುಖಗಳು ಸೇರಿ 40 ಚದರ ಸೆಂ.ಮೀ., ಅಂದರೆ 0.4 ಚದರ ಡೆಸಿಮೀಟರ್. ಕದಡದ ತೊಟ್ಟಿಯಲ್ಲಿ ಚದರ ಡೆಸಿಮೀಟರಿಗೆ 1 ಆಂಪಿಯರ್ ನಿಶ್ಚಿಂತೆಯ ಪ್ರಮಾಣ. ಆದ್ದರಿಂದ ಬೇಕಾದದ್ದು 0.4 ಆಂಪಿಯರ್.

ಈ ಪ್ರಮಾಣದಲ್ಲಿ ತಾಮ್ರದ ಪದರ ಗಂಟೆಗೆ ಸುಮಾರು 13 ಮೈಕ್ರಾನ್ ಬೆಳೆಯುತ್ತದೆ. ಅಲಂಕಾರದ ವಸ್ತುವಿಗೆ 10 ಮೈಕ್ರಾನ್ ಸಾಕೆಂದುಕೊಂಡರೆ ಸುಮಾರು 45 ನಿಮಿಷ ಬೇಕು, ಬಿಲ್ಲೆಯ ತೂಕ ಸುಮಾರು 0.36 ಗ್ರಾಂ ಹೆಚ್ಚಬೇಕು. ಗ್ರಾಮಿನ ನೂರರ ಒಂದು ಭಾಗವನ್ನು ತೋರಿಸುವ ಪುಟ್ಟ ತಕ್ಕಡಿ ಇದ್ದರೆ ಲೇಪನಕ್ಕೆ ಮೊದಲು ಮತ್ತು ಆಮೇಲೆ, ತಂತಿ ಬಿಟ್ಟು ಬಿಲ್ಲೆಯನ್ನಷ್ಟೇ ತೂಗಿ ಇದನ್ನು ತಾಳೆನೋಡಬಹುದು. ದುಬಾರಿ ಪವರ್ ಸಪ್ಲೈಗಿಂತ ಈ ತಕ್ಕಡಿಯಿಂದ ಕಲಿಯುವುದು ಹೆಚ್ಚೆಂದು ನನ್ನ ಅಭಿಪ್ರಾಯ.

ವಿದ್ಯುತ್ತಿಗೆ ಕರೆಂಟನ್ನು ನಿಗದಿಪಡಿಸಬಹುದಾದ ಡಿಸಿ ಪವರ್ ಸಪ್ಲೈ ಅನುಕೂಲಕರ. ಅದಿಲ್ಲದಿದ್ದರೆ 5 ವೋಲ್ಟಿನ ಹಳೆಯ ಮೊಬೈಲ್ ಚಾರ್ಜರಿಗೆ ಸರಣಿಯಲ್ಲಿ 10 ಓಮ್, 5 ವ್ಯಾಟಿನ ಸಿರಾಮಿಕ್ ರೆಸಿಸ್ಟರನ್ನು ಸೇರಿಸಿದರೆ ಸುಮಾರು 0.45 ಆಂಪಿಯರ್ ಹರಿಯುತ್ತದೆ, ಏಕೆಂದರೆ ತೊಟ್ಟಿಯ ಪಾಲಿಗೆ ಬೇಕಾಗುವುದು ಒಂದು ವೋಲ್ಟಿಗಿಂತಲೂ ಕಡಿಮೆ. ರೆಸಿಸ್ಟರ್ ಬಿಸಿಯಾಗುತ್ತದೆ, ಅದನ್ನು ಪ್ಲಾಸ್ಟಿಕ್ಕಿಗೆ ತಾಗಿಸಿ ಇಡಬಾರದು. ಮನೆಯ 230 ವೋಲ್ಟಿನ ವಿದ್ಯುತ್ತನ್ನು ನೇರವಾಗಿಯಾಗಲಿ ಬಲ್ಬಿನ ಮೂಲಕವಾಗಲಿ ತೊಟ್ಟಿಗೆ ತರುವುದು ಪ್ರಾಣಾಂತಿಕ.

ಲೇಪನ

ಆನೋಡುಗಳಿಗೆ ಧನ ತಂತಿಯನ್ನು, ಬಿಲ್ಲೆಯ ತಂತಿಗೆ ಋಣ ತಂತಿಯನ್ನು ಮೊದಲೇ ಜೋಡಿಸಿ, ವಿದ್ಯುತ್ ಹಾಕಿದ ಸ್ಥಿತಿಯಲ್ಲಿಯೇ ಬಿಲ್ಲೆಯನ್ನು ದ್ರಾವಣಕ್ಕೆ ಇಳಿಸಬೇಕು. ಮೊದಲು ಮುಳುಗಿಸಿ ಆಮೇಲೆ ಸ್ವಿಚ್ ಹಾಕಿದರೆ ನಡುವಿನ ಕ್ಷಣಗಳಲ್ಲಿ ಆಮ್ಲವು ಹಿತ್ತಾಳೆಯ ಸತುವನ್ನು ಕೆದಕಲು ತೊಡಗುತ್ತದೆ. ಧನ ಋಣಗಳು ಅದಲುಬದಲಾದರೆ ಬಿಲ್ಲೆಯೇ ಕರಗಿ ದ್ರಾವಣಕ್ಕೆ ಸತು ಸೇರುತ್ತದೆ. ಬಿಲ್ಲೆಗೂ ಆನೋಡಿಗೂ ನಡುವೆ ಐದಾರು ಸೆಂ.ಮೀ. ಅಂತರವಿರಲಿ, ಹತ್ತಿರವಾದರೆ ಎದುರಿನ ಭಾಗವಷ್ಟೇ ದಪ್ಪವಾಗುತ್ತದೆ.

ಕೆಲವೇ ಸೆಕೆಂಡುಗಳಲ್ಲಿ ಹಳದಿ ಮೈ ಗುಲಾಬಿಯಾಗುವುದು ಕಾಣುತ್ತದೆ. ಎರಡು ನಿಮಿಷದ ಬಳಿಕ ಒಮ್ಮೆ ಎತ್ತಿ ನೋಡಿ, ಬಣ್ಣ ಹಿಡಿಯದ ಕಲೆಗಳಿದ್ದರೆ ಅಲ್ಲಿಗೇ ನಿಲ್ಲಿಸಿ ತೊಳೆಯುವ ಹಂತಕ್ಕೆ ಮರಳುವುದು ಜಾಣತನ. ಎಲ್ಲ ಸರಿಯಿದ್ದರೆ ಆಗಾಗ ಬಿಲ್ಲೆಯನ್ನು ಮೆಲ್ಲನೆ ಆಡಿಸುತ್ತ, ತಂತಿ ಕಟ್ಟಿದ ಜಾಗವನ್ನು ಒಮ್ಮೆ ಬದಲಿಸಿ, ಲೆಕ್ಕದ ಹೊತ್ತು ಮುಗಿಸಬೇಕು. ಮೀನಿನ ತೊಟ್ಟಿಯ ಗಾಳಿ ಪಂಪಿನಿಂದ ದ್ರಾವಣವನ್ನು ಸತತವಾಗಿ ಕದಡುವ ಏರ್ಪಾಡಿದ್ದರೆ ವಿದ್ಯುತ್ತನ್ನು ಇಮ್ಮಡಿ ಮಾಡಿ ಸಮಯವನ್ನು ಅರ್ಧಕ್ಕೆ ಇಳಿಸಬಹುದು.

ಹೊರತೆಗೆದ ಬಿಲ್ಲೆ ಕನ್ನಡಿಯಂತೆ ಹೊಳೆಯಲಿಲ್ಲವೆಂದು ಬೇಸರಪಡಬೇಕಾಗಿಲ್ಲ. ಈ ಸರಳ ದ್ರಾವಣದಲ್ಲಿ ಮಂಕಾದ, ಕಿತ್ತಳೆ ಬೆರೆತ ಗುಲಾಬಿ ಬಣ್ಣದ, ರೇಷ್ಮೆಯಂಥ ಮೈ ಬರುವುದೇ ಸರಿ. ಕಾರ್ಖಾನೆಯ ಹೊಳಪು ಬರುವುದು ದ್ರಾವಣಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವ ಬ್ರೈಟ್ನರ್‌ಗಳಿಂದ. ಬಟ್ಟಿ ನೀರಿನಲ್ಲಿ ತೊಳೆದು, ಒಡನೆಯೇ ಒಣಗಿಸಿ, ಮೆದು ಬಟ್ಟೆ ಮತ್ತು ಪಾಲಿಷಿನಿಂದ ಹಗುರವಾಗಿ ಉಜ್ಜಿದರೆ ಹೊಳಪು ಬರುತ್ತದೆ. ತಾಮ್ರ ಗಾಳಿಯಲ್ಲಿ ಬೇಗ ಕಂದುವುದರಿಂದ ಪಾರದರ್ಶಕ ಲ್ಯಾಕರನ್ನು ಬಳಿಯುವುದು ಒಳ್ಳೆಯದು.

ದೋಷಗಳನ್ನು ಓದುವುದು

ಅಂಚುಗಳಲ್ಲಿ ಕಡುಗಂದು ಪುಡಿ ಕೂತಿದ್ದರೆ ವಿದ್ಯುತ್ತು ಹೆಚ್ಚಾಗಿದೆ. ಚೂಪಾದ ಅಂಚು ಮೂಲೆಗಳಿಗೆ ವಿದ್ಯುತ್ತು ಗುಂಪಾಗಿ ಹರಿಯುವುದರಿಂದ ಅಲ್ಲಿ ಯಾವಾಗಲೂ ಪದರ ದಪ್ಪ, ಕುಳಿಗಳ ಒಳಗೆ ತೆಳು. ಇದನ್ನು ಪೂರ್ತಿ ತಪ್ಪಿಸಲಾಗದು, ವಿದ್ಯುತ್ತನ್ನು ತಗ್ಗಿಸಿ ಕಡಿಮೆ ಮಾಡಬಹುದಷ್ಟೆ. ಸಣ್ಣ ಗಂಟುಗಳು ಎದ್ದಿದ್ದರೆ ದ್ರಾವಣದಲ್ಲಿ ಕಸ ತೇಲುತ್ತಿದೆ, ಸೋಸಬೇಕು. ಪದರ ಹಾಳೆಯಾಗಿ ಏಳುತ್ತಿದ್ದರೆ ತಪ್ಪು ತೊಳೆಯುವುದರಲ್ಲಿಯೇ ಇದೆ. ಇದನ್ನು ಪರೀಕ್ಷಿಸಲು ಅದೇ ತಗಡಿನ ಒಂದು ಪಟ್ಟಿಯನ್ನೂ ಬಿಲ್ಲೆಯ ಜೊತೆಗೆ ಲೇಪಿಸಿ, ಆಮೇಲೆ ಮುರಿಯುವ ತನಕ ಹಿಂದೆ ಮುಂದೆ ಬಗ್ಗಿಸಿ ನೋಡಬೇಕು. ಮುರಿದ ಕಡೆಯಲ್ಲೂ ತಾಮ್ರ ಬಿಡಿಸಿಕೊಳ್ಳದಿದ್ದರೆ ಹಿಡಿತ ಗಟ್ಟಿಯಾಗಿದೆ. ಜೊತೆಗೆ ಲೇಪಿಸುವ ಪಟ್ಟಿಯ ವಿಸ್ತೀರ್ಣವನ್ನೂ ವಿದ್ಯುತ್ತಿನ ಲೆಕ್ಕಕ್ಕೆ ಸೇರಿಸಲು ಮರೆಯಬಾರದು.

ಕಬ್ಬಿಣಕ್ಕೆ ನೇರವಾಗಿ ಏಕೆ ಆಗದು

ಬೋರ್ಡೋ ದ್ರಾವಣ ಕಲಸುವವರು ಸುಣ್ಣ ಸಾಕಾಯಿತೇ ಎಂದು ನೋಡಲು ಮಸೆದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದುತ್ತಾರೆ; ಅಲಗಿನ ಮೇಲೆ ಕೆಂಪು ಕಂಡರೆ ಇನ್ನಷ್ಟು ಸುಣ್ಣ ಬೇಕು. ಆ ಕೆಂಪು ತಾಮ್ರವೇ. ಕಬ್ಬಿಣವು ತಾಮ್ರಕ್ಕಿಂತ ಚುರುಕಾದ ಲೋಹವಾದ್ದರಿಂದ ತಾನು ಕರಗಿ ತಾಮ್ರವನ್ನು ಹೊರದಬ್ಬುತ್ತದೆ, ಅದಕ್ಕೆ ವಿದ್ಯುತ್ತೇ ಬೇಡ. ತೊಂದರೆಯೆಂದರೆ ಹೀಗೆ ತಾನಾಗಿ ಕೂತ ತಾಮ್ರ ಪುಡಿಪುಡಿಯಾಗಿರುತ್ತದೆ, ಬಟ್ಟೆಯಿಂದ ಒರೆಸಿದರೆ ಬರುತ್ತದೆ. ಅದರ ಮೇಲೆ ವಿದ್ಯುತ್ತಿನಿಂದ ಎಷ್ಟು ಚೆನ್ನಾಗಿ ಹೊದಿಸಿದರೂ ಅಡಿಪಾಯ ಸಡಿಲವೇ. ನಮ್ಮ ತೊಟ್ಟಿಯಲ್ಲಿ ಬೋಲ್ಟು, ಮೊಳೆಗಳನ್ನು ಇಳಿಸಬಾರದೆನ್ನುವುದು ಇದಕ್ಕಾಗಿ. ಸತುವಿನ ಎರಕದ ವಸ್ತುಗಳ ಪಾಡೂ ಇದೇ, ಇನ್ನೂ ಕೆಟ್ಟದ್ದು.

ಕಾರ್ಖಾನೆಗಳು ಇದನ್ನು ಎರಡು ರೀತಿಯಲ್ಲಿ ದಾಟುತ್ತವೆ. ಒಂದು, ಸಯನೈಡ್ ದ್ರಾವಣದಿಂದ ತಾಮ್ರದ ತೆಳು ಮೊದಲ ಪದರ ಹಾಕುವುದು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಬಂಧುಗಳು 1840ರಲ್ಲಿ ಪೇಟೆಂಟ್ ಪಡೆದ ಬೆಳ್ಳಿ ಲೇಪನದ ಗೆಲುವಿಗೂ ಸಯನೈಡೇ ಕಾರಣ. ಅದಕ್ಕೆ ಆಮ್ಲ ತಗುಲಿದರೆ ಹುಟ್ಟುವ ಅನಿಲ ಕ್ಷಣಗಳಲ್ಲಿ ಕೊಲ್ಲಬಲ್ಲದು. ಪರವಾನಗಿಯುಳ್ಳ ಘಟಕಗಳ ಹೊರಗೆ ಅದರ ಮಾತೇ ಬೇಡ. ಇನ್ನೊಂದು, ಮೊದಲು ನಿಕಲ್ ಹೊದಿಸುವುದು. ಆಲಿವರ್ ವಾಟ್ಸ್ 1916ರಲ್ಲಿ ರೂಪಿಸಿದ ದ್ರಾವಣದ ಮಾದರಿಯೇ ಇಂದಿಗೂ ನಡೆಯುತ್ತಿದೆ: ಲೀಟರಿಗೆ 250 ಗ್ರಾಂ ನಿಕಲ್ ಸಲ್ಫೇಟ್, 45 ಗ್ರಾಂ ನಿಕಲ್ ಕ್ಲೋರೈಡ್, 35 ಗ್ರಾಂ ಬೋರಿಕ್ ಆಮ್ಲ, ಪಿಎಚ್ (ದ್ರಾವಣ ಎಷ್ಟು ಆಮ್ಲೀಯವೆಂಬುದರ ಅಳತೆ) ಸುಮಾರು 4, ಬಿಸಿ 50ರಿಂದ 55 ಡಿಗ್ರಿ ಸೆಲ್ಸಿಯಸ್, ಆನೋಡ್ ಶುದ್ಧ ನಿಕಲ್. ಕ್ಲೋರೈಡಿನಿಂದ ಆನೋಡ್ ಸರಾಗವಾಗಿ ಕರಗುತ್ತದೆ, ಬೋರಿಕ್ ಆಮ್ಲವು ವಸ್ತುವಿನ ಮೈ ಬಳಿ ಪಿಎಚ್ ಏರದಂತೆ ತಡೆಯುತ್ತದೆ. ಚದರ ಡೆಸಿಮೀಟರಿಗೆ 2 ಆಂಪಿಯರಿನಂತೆ ಸುಮಾರು 13 ನಿಮಿಷದಲ್ಲಿ 5 ಮೈಕ್ರಾನ್ ನಿಕಲ್ ಕೂರುತ್ತದೆ. ತೊಳೆದು, ಒಣಗಲು ಬಿಡದೆ ತಾಮ್ರದ ತೊಟ್ಟಿಗೆ ಸಾಗಿಸಬೇಕು, ಏಕೆಂದರೆ ಗಾಳಿಗೆ ಒಡ್ಡಿದ ನಿಕಲ್ ಬೇಗ ಜಡ ಪೊರೆ ಕಟ್ಟಿಕೊಳ್ಳುತ್ತದೆ. ನಿಕಲ್ಲಿನ ಲವಣಗಳು ಚರ್ಮಕ್ಕೆ ಅಲರ್ಜಿ ತರುತ್ತವೆ, ಅವುಗಳ ಧೂಳು ಉಸಿರಿಗೆ ಹೋದರೆ ಕ್ಯಾನ್ಸರಿನ ಅಪಾಯವಿದೆ. ಆದ್ದರಿಂದ ಈ ಭಾಗ ಗಾಳಿ ಹೊರದಬ್ಬುವ ವ್ಯವಸ್ಥೆಯುಳ್ಳ ಪ್ರಯೋಗಾಲಯಕ್ಕೇ ಮೀಸಲಾಗಿರಲಿ. ಕ್ರೋಮಿಯಂ ಲೇಪನವನ್ನು ಹವ್ಯಾಸಿಗಳು ಎಲ್ಲಿಯೂ ಮಾಡಬಾರದು.

ಉಳಿದ ದ್ರಾವಣ

ತಾಮ್ರದ ದ್ರಾವಣವನ್ನು ಎಸೆಯುವ ಅಗತ್ಯ ಸುಲಭವಾಗಿ ಬರುವುದಿಲ್ಲ. ಸೋಸಿ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹೆಸರು ಮತ್ತು ‘ವಿಷ’ ಎಂಬ ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಇಟ್ಟರೆ ವರ್ಷಗಟ್ಟಲೆ ಬಳಸಬಹುದು. ಕುಡಿಯುವ ನೀರಿನ ಬಾಟಲಿಯಲ್ಲಂತೂ ತುಂಬಿಡಬಾರದು. ಆವಿಯಾದಷ್ಟು ಬಟ್ಟಿ ನೀರು ಸೇರಿಸಿದರೆ ಸಾಕು.

ವಿಲೇವಾರಿ ಮಾಡಲೇಬೇಕಾದಾಗ ಅದನ್ನು ಚರಂಡಿಗೆ, ಬಾವಿಯ ಬಳಿಗೆ ಸುರಿಯಬಾರದು. ಕರಗಿದ ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ಮೀನುಗಳಿಗೆ ವಿಷ. ಹೇಗೂ ಮೈಲುತುತ್ತವೇ ತಾನೆ ಎಂದು ತೋಟಕ್ಕೆ ಚೆಲ್ಲುವುದೂ ತಪ್ಪು, ಏಕೆಂದರೆ ಇದರಲ್ಲಿ ಆಮ್ಲವಿದೆ, ಹಿತ್ತಾಳೆಯ ಸತುವಿದೆ, ಸೀಸವೂ ಇರಬಹುದು. ದೊಡ್ಡ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾವನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ ಹೋದರೆ ನೊರೆ ಬಂದು ಆಮ್ಲ ಸಾಯುತ್ತದೆ, ಆಮೇಲೆ ತಾಮ್ರವು ನೀಲಿ-ಹಸಿರು ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಒಂದು ರಾತ್ರಿ ಬಿಟ್ಟ ಮೇಲೆ ತಿಳಿನೀರಿನಲ್ಲಿ ನೀಲಿಯ ಸುಳಿವಿಲ್ಲವೆಂದು ಖಚಿತಪಡಿಸಿಕೊಂಡು, ಅದನ್ನು ಬಸಿದು ಗಸಿಯನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಬೇಕು. ಆ ಗಸಿಯನ್ನು ಮನೆಯ ಕಸಕ್ಕೆ ಸೇರಿಸದೆ, ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವ ವ್ಯವಸ್ಥೆಗೆ ಒಪ್ಪಿಸಬೇಕು. ಹತ್ತಿರದ ಕಾಲೇಜಿನ ರಸಾಯನ ವಿಭಾಗ ತನ್ನ ತ್ಯಾಜ್ಯದ ಜೊತೆಗೆ ಅದನ್ನು ಸೇರಿಸಿಕೊಳ್ಳಲು ಒಪ್ಪುತ್ತದೆಯೇ ಎಂದು ಕೆಲಸ ಆರಂಭಿಸುವ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.